ನಿಂತೇ ಸಹಿ ಹಾಕಿದ ಪ್ರಭಾರಮ್ಮ

ಆಕೆಗೆ ಪ್ರಭಾರಮ್ಮ ಎಂದು ಅಡ್ಡಹೆಸರಿಟ್ಟವಳು ನಾನೇ. ಇಟ್ಟದ್ದು ತಮಾಷೆಗೆ, ಅಂಟಿಕೊಂಡದ್ದು ಗೋಂದಿನ ಹಾಗೆ. ಸರ್ಕಾರಿ ಭಾಷೆಯಲ್ಲಿ ಪ್ರಭಾರ ಎಂದರೆ ಇಷ್ಟೇ: ಮೇಲಿನವರ ಕೆಲಸ ಪೂರ್ತಿ ನೀನು ಮಾಡು, ಸಂಬಳ ಮಾತ್ರ ನಿನ್ನ ಹಳೇದೇ ತಗೋ. ನಮ್ಮ ಸಿಬ್ಬಂದಿ ಶಾಖೆಯ ಸೂಪರಿಂಟೆಂಡೆಂಟರು ನಿವೃತ್ತರಾದ ದಿನ, ಮುಂದಿನ ಆದೇಶದವರೆಗೆ ಎಂದು ಹೇಳಿ ಅವರ ಹುದ್ದೆಯನ್ನು ಈ ಗುಮಾಸ್ತೆಯ ತಲೆಗೆ ಕಟ್ಟಿದರು. ಮುಂದಿನ ಆದೇಶ ಬರಲಿಲ್ಲ. ಮುಂದಿನ ವರ್ಷಗಳು ಮಾತ್ರ ಒಂದೂ ತಪ್ಪದೆ ಬಂದವು.

ನಮ್ಮದು ಉದ್ದನೆಯ ಕೋಣೆ. ಬಾಗಿಲ ಬಳಿ ಟೈಪಿಸ್ಟಾದ ನಾನು, ನನ್ನಿಂದ ಮುಂದೆ ಆಕೆ, ಕೊನೆಯಲ್ಲಿ ಗಾಜಿನ ಅಡ್ಡಗೋಡೆಯ ಆಚೆ ಸೂಪರಿಂಟೆಂಡೆಂಟರ ಮೇಜು ಮತ್ತು ಕೈ ಇರುವ ಕುರ್ಚಿ. ನಮ್ಮ ಕುರ್ಚಿಗಳಿಗೆ ಕೈ ಇರಲಿಲ್ಲ. ಮೊಣಕೈ ಊರುವುದಕ್ಕೂ ದರ್ಜೆ ಬೇಕು. ಪ್ರಭಾರದಲ್ಲಿ ಇರುವವರು ಆದೇಶ ಕೈಗೆ ಬರದೆ ಆ ಕುರ್ಚಿಯಲ್ಲಿ ಕೂರಬಾರದು ಎಂಬುದು ನಮ್ಮ ಕಚೇರಿಯ ನಡವಳಿಕೆ. ಎಲ್ಲೂ ಬರೆದಿಲ್ಲ, ಆದ್ದರಿಂದ ಯಾರೂ ಮೀರುವುದಿಲ್ಲ. ಮೊಹರು ಇದ್ದದ್ದು ಆ ಮೇಜಿನ ಖಾನೆಯಲ್ಲಿ. ಹಾಗಾಗಿ ಪ್ರಭಾರಮ್ಮ ಕಡತಗಳನ್ನು ಎದೆಗೆ ಅವಚಿಕೊಂಡು ಒಳಗೆ ಹೋಗುವಳು, ಕುರ್ಚಿಯ ಪಕ್ಕ ನಿಲ್ಲುವಳು, ಬಗ್ಗಿ ಸಹಿ ಹಾಕಿ, ಮೊಹರು ಒತ್ತಿ, ತನ್ನ ಜಾಗಕ್ಕೆ ವಾಪಸು ಬರುವಳು. ದಿನಕ್ಕೆ ಎಷ್ಟೋ ಸಲ. ಕೆಲವೊಮ್ಮೆ ಸೊಂಟ ಹಿಡಿದುಕೊಂಡು ಬರುವಾಗ ನನಗೆ ಸಿಟ್ಟು ಬರುತ್ತಿತ್ತು.

"ಒಂದು ಸಲ ಕೂತ್ಕೊಂಡು ಸಹಿ ಹಾಕಿದ್ರೆ ಆಕಾಶ ಕಳಚಿ ಬೀಳುತ್ತಾ ಅಕ್ಕ?" ಎಂದರೆ, "ಕಾದಿರೋದು ಕಾದಿದ್ದೀನಿ, ಕದ್ದು ಯಾಕೆ ಕೂರ್ಲಿ? ಬರುತ್ತೆ, ಇರು" ಎನ್ನುವಳು.

ಆ ಕುರ್ಚಿಯ ಆಸೆ ಆಕೆಯದೊಬ್ಬಳದೇ ಅಲ್ಲ. ಆಕೆಯ ತಾಯಿ ಇದೇ ಕಚೇರಿಯಲ್ಲಿ ಜವಾನರ ಕೆಲಸದಲ್ಲಿದ್ದವರು. ಸರ್ವೀಸೆಲ್ಲ ಆ ಗಾಜಿನ ಬಾಗಿಲ ಹೊರಗೆ ನಿಂತೇ ಕಳೆದರು. ಗಂಟೆ ಹೊಡೆದಾಗ ಒಳಗೆ ಹೋಗಿ ನೀರಿಟ್ಟು ಬರುವುದು, ಸಾಹೇಬರು ಎದ್ದ ಮೇಲೆ ಕುರ್ಚಿ ಒರೆಸುವುದು. ಅಲ್ಲಿ ಕೂತವರೆಲ್ಲ ಗಂಡಸರೇ. ಮಗಳನ್ನು ಗುಮಾಸ್ತೆ ಮಾಡುವಷ್ಟು ಓದಿಸಿದ ಆ ತಾಯಿ ಈಗ ಮುಪ್ಪಿನಲ್ಲಿ ಹಾಸಿಗೆ ಹಿಡಿದಿದ್ದರು. ತಾನು ಒರೆಸಿದ ಕುರ್ಚಿಯಲ್ಲಿ ಮಗಳು ಕೂತದ್ದು ಕೇಳಿ ಕಣ್ಣು ಮುಚ್ಚಬೇಕೆಂಬುದು ಅವರ ಹಂಬಲ. ಮಗಳದ್ದು ಇನ್ನೂ ನೇರ. "ನಂಗೆ ಬೇಕು ಕಣೇ" ಎಂದು ಒಮ್ಮೆ ಮಧ್ಯಾಹ್ನದ ಡಬ್ಬಿ ಬಿಚ್ಚುತ್ತಾ ಹೇಳಿಬಿಟ್ಟಳು. "ಸಂಬಳಕ್ಕಲ್ಲ. ಸಂಬಳ ಬಂದ್ರೆ ಬೇಡ ಅನ್ನಲ್ಲ ಅನ್ನು. ಆದ್ರೆ ಅಲ್ಲಿ ಕೂರ್ಬೇಕು ಅಂತ ಮೈಯೆಲ್ಲ ಆಸೆ."

ಬಡ್ತಿ ಕೊಡಿ ಎಂದು ಎರಡು ಸಲ ಅರ್ಜಿ ಹಾಕಿದಳು. ಎರಡು ಸಲವೂ ಮುಖ್ಯ ಕಚೇರಿಯಿಂದ ಒಂದೇ ಉತ್ತರ: ತಮ್ಮ ಕಚೇರಿಯಲ್ಲಿ ಸದರಿ ಹುದ್ದೆ ಖಾಲಿ ಇರುವುದಿಲ್ಲ. ನಾವೆಲ್ಲ ಸೇರಿ ಮುಖ್ಯ ಕಚೇರಿಯವರಿಗೆ ಹಿಡಿಶಾಪ ಹಾಕಿದೆವು. ಕಣ್ಣೆದುರು ಕುರ್ಚಿ ಖಾಲಿ ಬಿದ್ದಿದೆ, ಖಾಲಿ ಇಲ್ಲವಂತೆ! ಓದದೆ ಉತ್ತರ ಬರೆಯುವ ಜನ, ಅವರ ಕೈ ಸೇದಿಹೋಗ ಎಂದೆ ನಾನು. ನನ್ನ ಬಾಯಿ ಅಷ್ಟೇನೂ ಒಳ್ಳೆಯದಲ್ಲ.

ವರ್ಷಕ್ಕೊಮ್ಮೆ ನಮ್ಮಲ್ಲಿಂದ ಒಂದು ತಖ್ತೆ ಹೋಗುತ್ತದೆ. ಯಾವ ದರ್ಜೆಗೆ ಎಷ್ಟು ಹುದ್ದೆ, ಎಷ್ಟು ಭರ್ತಿ, ಎಷ್ಟು ಖಾಲಿ. ಅದನ್ನು ತಯಾರಿಸುವುದು ಪ್ರಭಾರಮ್ಮನೇ. ಆ ವರ್ಷ ತಖ್ತೆಯ ನಮೂನೆ ಬದಲಾಯಿತು. ಪ್ರತಿ ದರ್ಜೆಯಲ್ಲೂ ಗಂಡಸರೆಷ್ಟು, ಹೆಂಗಸರೆಷ್ಟು, ಯಾವ ವಯಸ್ಸಿನವರು, ಸಂಬಳವೆಷ್ಟು ಎಂದೆಲ್ಲ ಕೇಳಿದ್ದರು. ಆಕೆ ತುಂಬಿ ಕಳಿಸಿದಳು. ಕೆಲವೇ ದಿನಕ್ಕೆ ಮುಖ್ಯ ಕಚೇರಿಯಿಂದ ಫೋನು. ನಮ್ಮ ಶಾಖೆಯ ಹಳೆಯ ಫೋನಿನಲ್ಲಿ ಗುಟ್ಟೆಂಬುದಿಲ್ಲ, ಆಚೆಯವರ ಮಾತು ಕೋಣೆಗೆಲ್ಲ ಕೇಳಿಸುತ್ತದೆ. ಮಾತಾಡಿದವಳು ಎಳೆಯ ದನಿಯ ಹುಡುಗಿ.

"ಮೇಡಂ, ನಿಮ್ಮಲ್ಲಿ ಸಂಬಳ ತಗೊಳ್ಳೋರು ಹನ್ನೊಂದು ಜನ. ದರ್ಜೆವಾರು ಕೂಡಿದ್ರೆ ಹನ್ನೆರಡು ಬರ್ತಿದೆ. ಒಬ್ರು ಜಾಸ್ತಿ ಇದ್ದಾರೆ. ಯಾರವರು?"

"ನಾನೇ" ಎಂದಳು ಪ್ರಭಾರಮ್ಮ.

"ಮತ್ತೆ ಗುಮಾಸ್ತರ ಸಾಲಿನಲ್ಲಿ ಇರೋ ಹಿರಿಯ ಮಹಿಳೆ?"

"ಅದೂ ನಾನೇ ಕಣಮ್ಮ. ಸಂಬಳ ಕೆಳಗೆ, ಕೆಲಸ ಮೇಲೆ."

ಹುಡುಗಿ ನಕ್ಕಳು, ಆಮೇಲೆ ನಗು ನಿಂತಿತು. "ಹಾಗಾದ್ರೆ ಸೂಪರಿಂಟೆಂಡೆಂಟ್ ಹುದ್ದೆ ಇಷ್ಟು ವರ್ಷ ಖಾಲಿನೇ ಇತ್ತಾ ಮೇಡಂ? ನೀವು ಪ್ರತಿ ವರ್ಷ ಭರ್ತಿ ಅಂತ ಕಳಿಸಿದ್ದೀರಲ್ಲ. ಖಾಲಿ ಅಂತ ಬಂದ ಹುದ್ದೆಗೆ ಮಾತ್ರ ಇಲ್ಲಿ ಬಡ್ತಿ ನೋಡೋದು."

ಪ್ರಭಾರಮ್ಮನ ಮುಖದ ರಕ್ತ ಇಳಿದದ್ದನ್ನು ನಾನು ಕಂಡೆ. ಹಳೆಯ ಸೂಪರಿಂಟೆಂಡೆಂಟರು ಹೋಗುವಾಗ ಆಕೆಗೆ ಒಂದು ಬುದ್ಧಿಮಾತು ಹೇಳಿದ್ದರು: ಹುದ್ದೆಯನ್ನು ಖಾಲಿ ಎಂದು ತೋರಿಸಬೇಡ, ಹೆಚ್ಚು ಕಾಲ ಖಾಲಿ ಬಿದ್ದ ಹುದ್ದೆಯನ್ನು ಮೇಲಿನವರು ರದ್ದು ಮಾಡುತ್ತಾರೆ, ನಿನಗೆ ಸಿಗುವ ತನಕ ಜೋಪಾನವಾಗಿಟ್ಟುಕೋ. ಆಕೆ ಇಟ್ಟುಕೊಂಡಳು. ಎಷ್ಟು ಜೋಪಾನವೆಂದರೆ ತನ್ನ ಕೈಗೂ ಸಿಗದ ಹಾಗೆ.

"ರದ್ದಾಗುತ್ತೆ ಅಂತ..." ಎಂದಳು ಸಣ್ಣಗೆ.

"ಆ ನಿಯಮ ಯಾವತ್ತೋ ಹೋಯ್ತು ಮೇಡಂ. ನಾನು ಸೇರೋಕೆ ಮೊದಲೇ." ಹುಡುಗಿಗೆ ಪಾಪ ಎನಿಸಿರಬೇಕು, ದನಿ ತಗ್ಗಿಸಿದಳು. "ಈಗ ಖಾಲಿ ಅಂತ ಕಳಿಸಿದ್ರೂ ಆದೇಶ ಬರೋಕೆ ವರ್ಷ ಹಿಡಿಯುತ್ತೆ. ನೀವು ಅಷ್ಟರಲ್ಲಿ ನಿವೃತ್ತಿ ಅಲ್ವಾ? ಒಂದು ಕೆಲಸ ಮಾಡಿ. ಗುಮಾಸ್ತರ ಸಾಲಿನಿಂದ ನಿಮ್ಮನ್ನ ತೆಗೆದುಬಿಡಿ, ಮೇಲಿನ ಸಾಲಿನಲ್ಲೇ ಇರಿ. ಮಹಿಳೆ, ಒಂದು. ಕೂಡಿದ್ರೆ ಸರಿಹೋಗುತ್ತೆ, ಯಾರೂ ಕೇಳಲ್ಲ."

ಆ ಸಂಜೆ ಬಸ್ ನಿಲ್ದಾಣದ ತನಕ ಇಬ್ಬರೂ ನಡೆದೆವು. ನಿಲ್ದಾಣ ಹತ್ತಿರ ಬಂದಾಗ ಆಕೆ ಕೇಳಿದಳು: "ಕಾಗದದ ಮೇಲಾದ್ರೂ ಒಂದು ವರ್ಷ ಇರ್ತೀನಲ್ವೇನೇ? ಅಮ್ಮಂಗೆ ಹೇಳಬಹುದು. ಯಾರಿಗೇನು ನಷ್ಟ?"

"ಯಾರಿಗೂ ಇಲ್ಲ ಅಕ್ಕ" ಎಂದೆ. ನಷ್ಟ ನನಗೇ ಇತ್ತು. ಆಕೆಯ ನಂತರ ಹಿರಿತನದಲ್ಲಿ ನಾನು. ಭರ್ತಿ ಎಂದು ಹೋದರೆ ನನಗೂ ಅದೇ ಗತಿ. ಆದರೆ ಆ ಮುಖ ನೋಡಿ ಅದನ್ನು ಹೇಳಲು ಬಾಯಿ ಬರಲಿಲ್ಲ.

ಮರುದಿನ ಬೆಳಿಗ್ಗೆ ಬಂದವಳೇ ಹೊಸ ತಖ್ತೆ ಬರೆದು ನನ್ನ ಮುಂದಿಟ್ಟಳು. ಸೂಪರಿಂಟೆಂಡೆಂಟ್ ದರ್ಜೆ, ಖಾಲಿ, ಒಂದು. ಹೆಂಗಸರ ಕಡೆ ಸೊನ್ನೆ.

"ಅಮ್ಮಂಗೆ ಹೇಳೋಣ ಅಂತ ಮಂಚದ ಹತ್ರ ಹೋದೆ" ಎಂದಳು. "ಅವಳೇನು ತಖ್ತೆ ಕೇಳ್ತಾಳಾ? 'ಕೂತ್ಯಾ?' ಅಂತ ಕೇಳ್ತಾಳೆ. ಏನು ಹೇಳ್ಲಿ? ಟೈಪ್ ಮಾಡು, ಬೇಗ." ಅಷ್ಟು ಹೇಳಿ ಕೈ ತೊಳೆಯುವ ನೆಪದಲ್ಲಿ ಹೊರಗೆ ಹೋದವಳು ಸುಮಾರು ಹೊತ್ತು ಬರಲಿಲ್ಲ. ಬಂದಾಗ ಕಣ್ಣು ಕೆಂಪಗಿತ್ತು. ನಾನು ಟೈಪ್ ಮಾಡಿದ್ದೆ. ಆ ಸೊನ್ನೆಯನ್ನೂ.

ಬೀಳ್ಕೊಡುಗೆಯ ದಿನ ಕಚೇರಿಯ ಮುಖ್ಯಸ್ಥರಾದ ಸಾಹೇಬರು ಭಾಷಣದ ಭರದಲ್ಲಿ "ನಮ್ಮ ಸೂಪರಿಂಟೆಂಡೆಂಟ್ ಮೇಡಂ" ಎಂದುಬಿಟ್ಟರು. ಹಾರ ಹಾಕಿಕೊಂಡು ಕೂತಿದ್ದ ಆಕೆ ಅಲ್ಲಿಂದಲೇ, "ಪ್ರಭಾರ, ಸಾರ್" ಎಂದು ತಿದ್ದಿದಳು. ಎಲ್ಲರೂ ನಕ್ಕರು. ಪಿಂಚಣಿಯ ಲೆಕ್ಕ ಗುಮಾಸ್ತೆಯ ಸಂಬಳದ ಮೇಲೆಯೇ ಆಯಿತು. ಕೆಲವು ತಿಂಗಳಿಗೆ ತಾಯಿಯೂ ತೀರಿಕೊಂಡರು. ಕೊನೆಯ ದಿನಗಳಲ್ಲಿ ಅವರು ಏನಾದರೂ ಕೇಳಿದರೋ, ಆಕೆ ಏನು ಹೇಳಿದಳೋ, ನಾನು ಕೆದಕಲಿಲ್ಲ.

ಆದೇಶ ಬಂತು. ನನ್ನ ಹೆಸರಿಗೆ. ಅದನ್ನು ಬೇರೆಯವರ ಬಾಯಿಂದ ಆಕೆ ಕೇಳಬಾರದೆಂದು, ಅಧಿಕಾರ ವಹಿಸಿಕೊಂಡ ದಿನವೇ ಸಂಜೆ ಮನೆಗೆ ಹೋದೆ. ಆಕೆ ಒಗೆದ ಬಟ್ಟೆ ಮಡಿಸುತ್ತಿದ್ದಳು. ವಿಷಯ ಹೇಳಿದೆ. ಕೈಯಲ್ಲಿದ್ದ ದಿಂಬಿನ ಚೀಲವನ್ನು ಮಡಿಸಿ, ಮತ್ತೆ ಬಿಚ್ಚಿ, ಮತ್ತೆ ಮಡಿಸಿದಳು.

"ಹೊಟ್ಟೆ ಉರೀತಿದೆ ಕಣೇ" ಎಂದಳು. "ಸಂತೋಷಾನೂ ಆಗ್ತಿದೆ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಮೊದಲು ಹೊಟ್ಟೆ ಉರೀತು."

"ಉರೀಲಿ ಅಕ್ಕ" ಎಂದೆ. ನನಗೆ ಅಳು ಬಂದಿತ್ತು. "ನಂಗೂ ಅಲ್ಲಿ ಕೂತಾಗ, ಇದು ನಿಮ್ಮದು ಅಂತ ಮೈ ಉರೀತು."

ಚಹಾ ಮಾಡಿ ತಂದಳು. ತನ್ನ ಲೋಟ ಮುಟ್ಟಲೇ ಇಲ್ಲ. "ಹೇಗಿರುತ್ತೆ ಹೇಳೇ. ನಿಂತಾಗ ಕಾಣೋದೆಲ್ಲ ನಂಗೆ ಗೊತ್ತು, ಆ ಕಿಟಕಿ, ಆಚೆ ರಸ್ತೆ. ಕೂತ್ರೆ ಏನು ಕಾಣುತ್ತೆ?"

ಏನಾದರೂ ಚೆಂದದ ಮಾತು ಕಟ್ಟಿ ಹೇಳಬಹುದಿತ್ತು. ಆಗಲಿಲ್ಲ. "ಕೂತ್ರೆ ರಸ್ತೆ ಕಾಣಲ್ಲ ಅಕ್ಕ. ಗಾಜಿನ ಈಚೆ ನಿಮ್ಮ ಮೇಜು ಇದೆಯಲ್ಲ, ಅದೊಂದೇ ಕಾಣುತ್ತೆ."

ಆಕೆ ದಿಂಬಿನ ಚೀಲವನ್ನು ಮಡಿಸಿದ ಬಟ್ಟೆಗಳ ಮೇಲಿಟ್ಟಳು.

"ಯಾರನ್ನಾದ್ರೂ ಹಾಕಿದ್ದಾರಾ ಅಲ್ಲಿಗೆ?"

"ಇಲ್ಲ. ಖಾಲಿ ಇದೆ."

"ಹಾಗಾದ್ರೆ ತಖ್ತೇಲಿ ಖಾಲಿ ಅಂತ್ಲೇ ಬರಿ" ಎಂದಳು ಪ್ರಭಾರಮ್ಮ.