ಕಲಕಿದ ನೀರಿನ ಜೊತೆಗಾರ

ಹೂಳಲ್ಲಿ ಸಿಕ್ಕಿಕೊಂಡ, ಪಂಪಿನ ಪೈಪಿನ ತುದಿಯ ಫುಟ್‌ವಾಲ್ವ್ ಬಿಡಿಸಲು ಮಧುಗಿರಿಯ ಪಂಪ್ ರಿಪೇರಿಯವನ ಜೊತೆ ನಾನೂ ಕೆರೆಗೆ ಇಳಿಯುತ್ತಿದ್ದೆ. ಮುಳುಗುವ ಮುಂಚೆ ಅವನು ಟವೆಲ್ಲಿನ ಒಂದು ತುದಿ ತನ್ನ ಮಣಿಕಟ್ಟಿಗೆ, ಇನ್ನೊಂದು ನನ್ನದಕ್ಕೆ ಕಟ್ಟಿ, "ನೀರಾಗೆ ಕಣ್ಣು ಕಾಣ್ದಿದ್ರೇನ್ಲಾ, ಕೈ ಐತಲ್ಲ" ಅನ್ನುತ್ತಿದ್ದ.

ಒಂದು ಸಲ ಮಳೆಯ ಮಾರನೇ ದಿನ ನೀರು ಕೆಂಪಗೆ ಕಲಕಿತ್ತು. ಕೆಲಸ ಮುಗಿದು, ಉಸಿರು ಕಟ್ಟಿ ನಾನು ಟವೆಲ್ ಜಗ್ಗಿದೆ. ಅವನು ಮೇಲೇಳದೆ ನನ್ನ ಕೈ ಹಿಡಿದು ತಣ್ಣನೆಯ ಕಲ್ಲೊಂದರ ಮೇಲೆ ಇಟ್ಟ. ಕೊಂಬು, ಕಿವಿ, ಕೊರಳ ಗಂಟೆ. ದಡದಲ್ಲಿ ಕೆಮ್ಮುತ್ತಾ ಬೈದೆ.

"ಬಸವಣ್ಣ ಕಣ್ಲಾ! ಹೆಂಗೈತೆ?" ಎಂದು ನಕ್ಕ. ಮತ್ತೆ ಮುಳುಗಿದೆವು, ಈ ಸಲ ಬರೀ ಖುಷಿಗೆ.

ಕೆರೆ ಬತ್ತಿದ ವರ್ಷ ಆ ಕಲ್ಲು ಬಿಸಿಲಿಗೆ ಬಂತು. ಅವನಿಗೆ ಗುರುತೇ ಹತ್ತಲಿಲ್ಲ. ಆಮೇಲೆ ಕಣ್ಣು ಮುಚ್ಚಿ ಕೊಂಬು ಸವರಿ, "ಇದೇ ಕಣ್ಲಾ" ಅಂದ. ಇನ್ನೊಂದು ಕೈ ನನ್ನ ಮಣಿಕಟ್ಟು ಹುಡುಕುತ್ತಿತ್ತು.