ಮೂವತ್ತೆರಡು ದೊಡ್ಡದೋ, ಒಂಬತ್ತು ದೊಡ್ಡದೋ

ಭಾನುವಾರ ನಮ್ಮ ಮನೆಯಲ್ಲಿ ನಾಟಿಕೋಳಿ ಸಾರು ಕುದಿಯುವ ಹೊತ್ತಿಗೆ ಜಗಲಿಯ ಮೇಲೆ ಗುಂಡಿನ ವಿಚಾರ ಶುರುವಾಗುತ್ತಿತ್ತು. ಕುಡಿಯುವ ಗುಂಡಲ್ಲ, ಹಾರುವ ಗುಂಡು. ಒಂದು ಕಡೆ ನನ್ನ ಗಂಡ. ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ವ್ಯಾಪಾರ, ಸೊಂಟದಲ್ಲಿ ಲೈಸೆನ್ಸ್ ಪಡೆದ ಪಾಯಿಂಟ್ ಮೂವತ್ತೆರಡರ ರಿವಾಲ್ವರ್. ಇನ್ನೊಂದು ಕಡೆ ಅವರ ಅಕ್ಕನ ಗಂಡ. ಸೈನ್ಯದಿಂದ ನಿವೃತ್ತರಾಗಿ ಅರಕಲಗೂಡಿನ ಹತ್ತಿರ ಆಲೂಗಡ್ಡೆ ಬೆಳೆಯುವ ಅವರು ಇಡೀ ಬಳಗಕ್ಕೆ ಮಿಲಿಟರಿ ಭಾವ. ಹೊಳೆನರಸೀಪುರದಲ್ಲಿ ಬಸ್ಸು ಬದಲಿಸಿ, ಅಲ್ಲಿಂದ ಬಿಸಿ ವಡೆ ಕಟ್ಟಿಸಿಕೊಂಡು, ಜಗಳಕ್ಕೆಂದೇ ಬರುತ್ತಿದ್ದರು.

"ನಿಂದು ಬಂದೂಕಲ್ಲ ಕಣ್ಲಾ, ಕಡ್ಲೆಕಾಳು ಎಸ್ಯೋ ಡಬ್ಬಿ," ಅನ್ನುವುದು ಭಾವನ ಮೊದಲ ಮಾತು. "ಒಡುಸ್ಕೊಂಡೋನು ಸೊಳ್ಳೆ ಕಚ್ತು ಅಂತ ಕೆರ್ಕೊಂಡು ಓಯ್ತಾನೆ. ನಮ್ ಒಂಬತ್ತು ಎಂಎಂ ಆದ್ರೆ ನಿಂತ ಜಾಗದಲ್ಲೇ ಕೂರುಸ್ತದೆ. ಅದ್ಕೆ ಸ್ಟಾಪಿಂಗ್ ಪವರ್ ಅನ್ನೋದು."

ಮೂವತ್ತೆರಡಕ್ಕಿಂತ ಒಂಬತ್ತು ಹೇಗೆ ದೊಡ್ಡದಾಯಿತು ಅಂತ ಒಮ್ಮೆ ಈರುಳ್ಳಿ ಹೆಚ್ಚುತ್ತಾ ಕೇಳಿಬಿಟ್ಟೆ. ಇಬ್ಬರೂ ಒಂದಾಗಿ ನನಗೆ ಪಾಠ ಮಾಡಿದರು. ಒಂದರದು ಇಂಚಿನ ಲೆಕ್ಕವಂತೆ, ಇನ್ನೊಂದರದು ಮಿಲಿಮೀಟರು. ಅಳೆದು ನೋಡಿದರೆ ಎರಡರ ದಪ್ಪಕ್ಕೂ ಒಂದು ಎಳ್ಳುಕಾಳಿನಷ್ಟೂ ವ್ಯತ್ಯಾಸವಿಲ್ಲ. ಇಷ್ಟಕ್ಕೆ ಇಷ್ಟು ವರ್ಷ ಜಗಳವಾಡಿದಿರಾ ಅಂದೆ. "ದಪ್ಪ ಅಲ್ಲ ಕಣವ್ವಾ, ಒಳಗಿರೋ ಮದ್ದು, ಓಗೋ ವೇಗ," ಅಂತ ಭಾವ ತಲೆ ಚಚ್ಚಿಕೊಂಡರು. ಒಂಬತ್ತು ಎಂಎಂ ನಮ್ಮಂಥವರಿಗೆ ಲೈಸೆನ್ಸ್ ಕೊಡುವ ಪೈಕಿ ಅಲ್ಲವೇ ಅಲ್ಲ. ಸಿಗದ ಬಂದೂಕಿನ ಮೇಲೆ ಭಾವನಿಗೆ ಮಮಕಾರ ಇನ್ನೂ ಜಾಸ್ತಿ.

ನನ್ನ ಗಂಡನ ವಾದ ಬೇರೆ. "ಗುಂಡು ಎಂಗಾದ್ರೂ ಇರ್ಲಿ ಭಾವ, ಬೀಳೋ ಜಾಗಕ್ಕೆ ಬೀಳ್ಬೇಕು. ಇದು ಕೈ ಎತ್ತಾಕಲ್ಲ, ಗುರಿ ತಪ್ಪಲ್ಲ." ಆಗ ಭಾವ ತಮ್ಮೂರಿನ ಹಳೇ ಕಾಡುಹಂದಿಯ ಕಥೆ ತೆಗೆಯುತ್ತಿದ್ದರು. ತೋಟಾ ಬಂದೂಕಿನಲ್ಲಿ ಯಾರೋ ಹತ್ತಿರದಿಂದಲೇ ಹೊಡೆದರಂತೆ, ಹಂದಿ ಆಲೂಗಡ್ಡೆ ಹೊಲವನ್ನೆಲ್ಲ ದಾಟಿ ನಾಲೆಯ ತನಕ ಓಡಿ ಅಲ್ಲಿ ಬಿತ್ತಂತೆ. ದಪ್ಪ ಗುಂಡಿಗೇ ನಿಲ್ಲದ್ದು ಈ ಕಡ್ಲೆಕಾಳಿಗೆ ನಿಲ್ಲುತ್ತದಾ ಅನ್ನುವುದು ಭಾವನ ಪ್ರಶ್ನೆ. ದಪ್ಪ ಗುಂಡಿಗೂ ನಿಲ್ಲಲಿಲ್ಲ ಅಂದಮೇಲೆ ದಪ್ಪ ಇದ್ದೇನು ಬಂತು ಅನ್ನುವುದು ನನ್ನ ಗಂಡನ ಉತ್ತರ. ಒಂದೇ ಹಂದಿ ಇಬ್ಬರ ಪರವಾಗಿಯೂ ಸಾಕ್ಷಿ ಹೇಳುತ್ತಿತ್ತು. ನಾನು ತಟ್ಟೆ ಹಾಕಿ ಇಬ್ಬರ ಬಾಯಿಯನ್ನೂ ಮುಚ್ಚಿಸುತ್ತಿದ್ದೆ.

ನಗುತ್ತಿದ್ದೆ ನಿಜ, ಆದರೆ ಒಳಗೊಂದು ಭಯ ಇದ್ದೇ ಇತ್ತು. ನನ್ನ ಗಂಡ ಒಳ್ಳೆಯವರು, ಆದರೆ ಮೂಗಿನ ತುದಿಯಲ್ಲಿ ಸಿಟ್ಟು. ಸಾರಿಗೆ ಉಪ್ಪು ಹೆಚ್ಚಾದರೆ ತಟ್ಟೆ ಅಂಗಳಕ್ಕೆ ಹಾರುತ್ತದೆ. ಮರುಗಳಿಗೆಗೆ ಅವರೇ ಹೋಗಿ ಆಯ್ದು, ತೊಳೆದು, ಸಪ್ಪೆ ಮುಖ ಮಾಡಿಕೊಂಡು ಬಂದು ಕೂರುತ್ತಾರೆ. ತಟ್ಟೆಯನ್ನಾದರೆ ಆಯ್ದು ತರಬಹುದು. ಆ ಸಿಟ್ಟು, ಆ ರಿವಾಲ್ವರ್ ಎರಡೂ ಒಂದೇ ಹೊತ್ತಿಗೆ ಅವರ ಕೈಗೆ ಸಿಗದಿರಲಿ ಅಂತ ದಿನಾ ದೀಪ ಹಚ್ಚುವಾಗ ಕೇಳಿಕೊಳ್ಳುತ್ತಿದ್ದೆ. ಮಾರಿಬಿಡಿ ಅಂತ ಎಷ್ಟೋ ಸಲ ಹೇಳಿದೆ. "ನಿಂಗೆ ಗೊತ್ತಾಗಲ್ಲ ಸುಮ್ನಿರು," ಅನ್ನುತ್ತಿದ್ದರು.

ಹೋದ ಚಳಿಗಾಲದಲ್ಲಿ ನಮ್ಮ ತೋಟದಲ್ಲಿ ತೆಂಗಿನಕಾಯಿ ಕಳುವಾಗತೊಡಗಿತು. ತೋಟ ಇರುವುದು ಹಿರೀಸಾವೆ ಕಡೆಗೆ, ಮನೆಯಿಂದ ದೂರ. ಒಂದು ಮುಸ್ಸಂಜೆ ಒಬ್ಬರೇ ನೋಡಿಬರಲು ಹೋದವರು ಬೆವತುಕೊಂಡು ಬಂದರು. ಚೊಂಬು ನೀರನ್ನು ಒಂದೇ ಉಸಿರಿಗೆ ಕುಡಿದು, "ಕಳ್ರು ಬಂದಿದ್ರು. ರಿವಾಲ್ವರ್ ತೆಗ್ದೆ. ಬಿದ್ದಂಬೀಳ ಓಡೋದ್ರು," ಅಂದರು. ಆಮೇಲೆ ಆ ಕಥೆ ಊರೆಲ್ಲ ಸುತ್ತಿತು. ಹೇಳಿದಷ್ಟು ಸಲ ಕಳ್ಳರ ಸಂಖ್ಯೆ ಹೆಚ್ಚಾಯಿತು, ಅವರ ಕೈಗೆ ಮಚ್ಚೂ ಬಂತು. "ನೋಡಿದ್ರಾ ಭಾವ, ಹಾರಿಸ್ದೇನೇ ನಿಲ್ಲಿಸ್ತು," ಅಂದಾಗ ಭಾವ ತಟ್ಟೆ ಹತ್ತಿರ ಎಳೆದುಕೊಂಡು ಮೂಳೆ ಚೀಪಿದರು.

ಕೆಲವು ತಿಂಗಳಿಗೆ ಚುನಾವಣೆ ಬಂತು. ಚುನಾವಣೆ ಅಂದರೆ ಬಂದೂಕು ಇರುವವರೆಲ್ಲ ತಂದು ಪೊಲೀಸ್ ಠಾಣೆಗೆ ಒಪ್ಪಿಸಬೇಕು. ಹಳೇ ಪಂಚೆ, ಹಾಸಿಗೆ ಹೊದಿಕೆಗಳಲ್ಲಿ ಸುತ್ತಿಕೊಂಡು ಹಸುಗೂಸು ಎತ್ತಿಕೊಂಡು ಬಂದಂತೆ ಬರುತ್ತಾರೆ ನಮ್ಮ ಗಂಡಸರು. ನನ್ನ ಗಂಡನ ಸರದಿ ಬಂದಾಗ ಪೇದೆ, "ಗುಂಡು ತೆಗ್ದು ಖಾಲಿ ಮಾಡಿ ಕೊಡಿ ಸಾ," ಅಂದನಂತೆ. ರಿವಾಲ್ವರ್ ಬಾಯಿಯೇ ಬಿಡಲಿಲ್ಲ. ಇವರು ಎಳೆದರು, ಜೊತೆಗೆ ಹೋಗಿದ್ದ ಭಾವ ಎಳೆದರು, ಪೇದೆಯೂ ಎಳೆದ. ಹಾಸನದ ಬಂದೂಕಿನ ಅಂಗಡಿಯಲ್ಲಿ ಬಿಚ್ಚಿಸಿ, ಅಲ್ಲೇ ಒಪ್ಪಿಸಿ ರಸೀದಿ ತನ್ನಿ ಅಂದರು ಠಾಣೆಯವರು. ಹಾಸನದಲ್ಲಿ ನನಗೂ ಹಲ್ಲಿನ ಡಾಕ್ಟರ ಹತ್ತಿರ ಕೆಲಸವಿತ್ತು. ಕಾರಿನ ಹಿಂದಿನ ಸೀಟಿನಲ್ಲಿ ಕೂತೆ.

ಅಂಗಡಿಯವನು ಎಣ್ಣೆ ಬಿಟ್ಟು, ತಟ್ಟಿ, ಬಿಸಿ ಮಾಡಿ ಕೊನೆಗೂ ತೆರೆದ. ಒಳಗಿನಿಂದ ಕೆಂಪು ಪುಡಿ ಉದುರಿತು. ತುಕ್ಕು ಅಂದುಕೊಂಡೆವು. ಅವನು ಬೆರಳಿಗೆ ಹಚ್ಚಿ ಮೂಸಿ, "ಇದು ಕುಂಕುಮ," ಅಂದ. ಜೊತೆಗೆ ಒಣಗಿ ಗಾರೆಯಾದ ಗಂಧ, ಬೂದುಗುಂಬಳದ ಒಂದು ಬೀಜ. ಎಲ್ಲರೂ ನನ್ನ ಕಡೆ ತಿರುಗಿದರು. ಹೌದು, ಆಯುಧಪೂಜೆಯಲ್ಲಿ ಕಾರಿಗೆ, ತಕ್ಕಡಿಗೆ, ಈಳಿಗೆಮಣೆಗೆ ಮಾಡಿದಂತೆ ಅದಕ್ಕೂ ಗಂಧ ಬಳಿದು, ಕುಂಕುಮ ಇಟ್ಟು, ತೀರ್ಥ ಚಿಮುಕಿಸಿದ್ದೆ. ಭಯವಿದ್ದ ವಸ್ತುವಿಗೆ ಕೈ ಸ್ವಲ್ಪ ಧಾರಾಳವಾಗಿಯೇ ಹೋಗಿತ್ತು.

"ಅಂಗಾರೆ ದಸರಾದಿಂದ ಇದು ಆರ್ತಾನೇ ಇರ್ಲಿಲ್ವಾ?" ಅಂದರು ಭಾವ.

"ಹಾರೋದೆಲ್ಲಿ, ಟ್ರಿಗರ್ರೇ ಅಲ್ಲಾಡ್ತಿರಲಿಲ್ಲ," ಅಂದ ಅಂಗಡಿಯವನು.

ಭಾವ ನಕ್ಕರು ನೋಡಿ, ಗೋಡೆ ಹಿಡಿದುಕೊಂಡು ನಕ್ಕರು, ಕಣ್ಣೀರು ಒರೆಸಿಕೊಂಡು ಮತ್ತೆ ನಕ್ಕರು. "ಬಾಮೈದಾ, ಕಳ್ರು ಓಡಿದ್ದು ನಿನ್ನ ಮೂವತ್ತೆರಡಕ್ಕಲ್ಲ ಕಣ್ಲಾ, ನಮ್ಮವ್ವನ ಕುಂಕುಮಕ್ಕೆ!" ನಾನೂ ಸೆರಗು ಬಾಯಿಗಿಟ್ಟುಕೊಂಡು ನಕ್ಕೆ. ನನ್ನ ಗಂಡ ಮಾತ್ರ ನಗಲಿಲ್ಲ. ಅಲ್ಲಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟರು. ಅವಮಾನವಾಯಿತೇನೋ ಅಂದುಕೊಂಡೆ.

ಭಾವನನ್ನು ಅರಕಲಗೂಡು ಬಸ್ಸು ಹತ್ತಿಸಿ ನಾವಿಬ್ಬರೇ ಹೊರಟೆವು. ಶಾಂತಿಗ್ರಾಮ ದಾಟಿದ ಮೇಲೆ ಕಾರನ್ನು ಪಕ್ಕಕ್ಕೆ ಹಾಕಿ ನಿಲ್ಲಿಸಿದರು. ಸ್ಟೇರಿಂಗ್ ಹಿಡಿದ ಕೈ ಬಿಡಲಿಲ್ಲ.

"ಅವತ್ತು ಕಳ್ರು ಬಂದಿರ್ಲಿಲ್ಲ ಕಣೆ," ಅಂದರು.

ಬಂದಿದ್ದವನು ಒಬ್ಬನೇ. ನಮ್ಮ ತೋಟದಲ್ಲಿ ಕಾಯಿ ಕೀಳುವವನು. ಕಿವಿ ಮಂದ. ದನದ ಕೊಟ್ಟಿಗೆಗೆ ಹೊದಿಸಲು ಬಿದ್ದ ಸೋಗೆ ಆಯ್ದು ತಲೆಯ ಮೇಲೆ ಹೊರೆ ಹೊತ್ತು ಹೋಗುತ್ತಿದ್ದ. ಆ ಮಬ್ಬಿನಲ್ಲಿ ಹೊರೆ ಕಂಡಿತೇ ಹೊರತು ಮುಖ ಕಾಣಲಿಲ್ಲ. ನಿಲ್ಲೋ ಅಂತ ಕೂಗಿದರು, ನಿಲ್ಲಲಿಲ್ಲ. ಮತ್ತೆ ಕೂಗಿದರು, ನಿಲ್ಲಲಿಲ್ಲ. ಸಿಟ್ಟು ನೆತ್ತಿಗೇರಿತು.

"ಬೆನ್ನಿಗೆ ಗುರಿ ಇಟ್ಟು ಒತ್ತಿದೆ. ಬರ್ಲಿಲ್ಲ. ಎರಡೂ ಕೈಲಿ ಒತ್ತಿದೆ. ಅಷ್ಟರಲ್ಲಿ ಅವ್ನು ಹೊರೆ ಇಳಿಸಕ್ಕೆ ತಿರುಗ್ದ. ನಾನು ರಿವಾಲ್ವರ್ನ ಬೆನ್ನ ಹಿಂದೆ ಮಾಡ್ಕೊಂಡೆ. ‘ಈಗ ಬಂದ್ರಾ ಸಾ?’ ಅಂದ. ಅವನಿಗೆ ಏನೂ ಗೊತ್ತಿಲ್ಲ."

ಆ ಗಳಿಗೆಗೆ ಏನೋ ಲಾಕ್ ಸಿಕ್ಕಿಕೊಂಡಿತ್ತು, ಇಲ್ಲದಿದ್ದರೆ ಹಾರುತ್ತಿತ್ತು ಅಂತ ಇಷ್ಟು ದಿನ ಅಂದುಕೊಂಡಿದ್ದರಂತೆ. ತೆಗೆದು ನೋಡುವ ಧೈರ್ಯ ಬಂದಿರಲಿಲ್ಲ. ನನಗೆ ಅವರನ್ನು ಎಳೆದು ಬಾರಿಸುವಷ್ಟು ಸಿಟ್ಟು ಬಂತು, ಹಾಗೇ ಅಳುವೂ ಬಂತು. ಆ ಮನುಷ್ಯ ಎಷ್ಟು ಸಲ ನಮ್ಮ ಅಂಗಳದಲ್ಲಿ ಕೂತು ಕಾಫಿ ಕುಡಿದಿದ್ದ! ಬಂದೂಕನ್ನು ಅಂಗಡಿಯವನಿಗೇ ಮಾರಿ ಲೈಸೆನ್ಸ್ ವಾಪಸು ಕೊಡುತ್ತೇನೆ ಅಂದರು.

ಮುಂದಿನ ಭಾನುವಾರ ಕಾಯಿ ಕೀಳಿಸಿದೆವು. ಮಧ್ಯಾಹ್ನ ಎಲ್ಲರಿಗೂ ಒಟ್ಟಿಗೇ ಊಟ. ಭಾವ ಕುಂಕುಮದ ಕಥೆ ಹೇಳುವ ಹುಮ್ಮಸ್ಸಿನಲ್ಲಿದ್ದರು. ಕಾಯಿ ಕೀಳುವವನು ಮುದ್ದೆ ಮುರಿಯುತ್ತಾ ನನ್ನ ಗಂಡನನ್ನು ಕೇಳಿದ: "ಆ ಕಳ್ರು ತಿರ್ಗಾ ಬಂದ್ರಾ ಸಾ? ನೀವಿದ್ರಿ, ಆಯ್ತು. ನಾನೂ ಅವತ್ತೇ ತ್ವಾಟದಲ್ಲಿದ್ದೆ ಕಣಿ. ನಾನೊಬ್ನೇ ಸಿಕ್ಕಿದ್ರೆ ಕೊಂದೇ ಆಕ್ತಿದ್ರು."

ನನ್ನ ಗಂಡ ತಟ್ಟೆ ಬಿಟ್ಟು ಎದ್ದರು. ಅವನ ಪಕ್ಕ ಕುಕ್ಕರುಗಾಲಲ್ಲಿ ಕೂತು ಮೆಲ್ಲಗೆ, "ಅವತ್ತು ಕಳ್ರು ಬಂದಿರ್ಲಿಲ್ಲಪ್ಪ," ಅಂದರು.

"ಆಂ?" ಅಂದ ಅವನು, ಕಿವಿಗೆ ಕೈ ಹಿಡಿದು.

ಅವನಿಗೆ ಕೇಳಬೇಕಾದರೆ ಕೂಗಲೇಬೇಕು. ನನ್ನ ಗಂಡ ಒಮ್ಮೆ ಭಾವನನ್ನು, ಆಳುಗಳನ್ನು, ನನ್ನನ್ನು ನೋಡಿದರು. ಆಮೇಲೆ ಊಟಕ್ಕೆ ಕೂತವರೆಲ್ಲರಿಗೂ ಕೇಳುವ ಹಾಗೆ ಕೂಗಿ ಹೇಳಿದರು: "ಕಳ್ರು ಬಂದಿರ್ಲಿಲ್ಲ ಕಣಪ್ಪಾ! ನಾನು ಗುರಿ ಇಟ್ಟಿದ್ದು ನಿನಗೇ!"