ಒಂದೇ ಕೆನ್ನೆ ಉಬ್ಬಿದ ಬಿಸ್ಕತ್ತಿನ ಹುಡುಗಿ

ಬಿಸ್ಕತ್ತು ಡಬ್ಬಿಯ ಮೇಲೆ ಒಂದೇ ಕೆನ್ನೆ ಉಬ್ಬಿಸಿಕೊಂಡು ಕೂತ ಹುಡುಗಿಯನ್ನು ನೀವೆಲ್ಲ ಬಲ್ಲಿರಿ. ನಾನು ಅವಳ ತಾಯಿಯನ್ನು ಬಲ್ಲೆ. ನನ್ನ ಅಂಗಡಿಯ ಮೇಲಿನ ಕೋಣೆಯಲ್ಲಿ ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದಳು. ಎಲ್ಲರ ಬಾಯಲ್ಲೂ ಗುಂಡಿಯಕ್ಕ.

ಗಡಿ ದಾಟಿ ಬಂದ ಸಂಸಾರ: ಗಂಡ, ಹೆಂಡತಿ, ನಾಲ್ಕು ವರ್ಷದ ಮಗಳು. ಗಂಡನಿಗೆ ಕೆಲಸವಿದೆಯೆಂದು ಯಾರಾದರೂ ಬರೆದುಕೊಡದಿದ್ದರೆ ಶುಕ್ರವಾರ ಮೂವರನ್ನೂ ಬಂದ ದಾರಿಗೇ ಅಟ್ಟುವುದಾಗಿ ವಲಸೆ ಕಚೇರಿಯವರು ಹೇಳಿದ್ದರು. ಅವನು ತಟ್ಟದ ಬಾಗಿಲಿಲ್ಲ. ನಮ್ಮ ಭಾಷೆಯಲ್ಲಿ ಅವನು ಮೊದಲು ಕಲಿತ ಮಾತು ‘ನಾಳೆ ಬಾ’.

ಅಷ್ಟರಲ್ಲಿ ಮಗಳಿಗೆ ಮಂಗನಬಾವು. ಎರಡೂ ಕೆನ್ನೆ ಬನ್ನಿನ ಹಾಗೆ ಊದಿದವು. ಅಂಗಡಿಗೆ ಬಂದ ಬಿಸ್ಕತ್ತು ಕಂಪನಿಯ ಮ್ಯಾನೇಜರು ಮೆಟ್ಟಿಲ ಮೇಲೆ ತಾಯಿಯ ಜೊತೆ ಕುಳಿತಿದ್ದ ಅವಳನ್ನು ಕಂಡು ಕರಗಿಯೇ ಹೋದ. ಅವರ ಶುಕ್ರವಾರದ ಸಂಕಟವನ್ನು ನಾನು ಅವನ ಕಿವಿಗೆ ಹಾಕಿದೆ.

“ಎಂಥಾ ದುಂಡು ಮಗು! ಬುಧವಾರ ಕರ್ಕೊಂಡು ಬಾರಮ್ಮ, ಡಬ್ಬಿಗೆ ಚಿತ್ರ ಬರೆಸ್ತೀನಿ. ನಿನ್ನ ಗಂಡನಿಗೆ ಒಲೆ ಮುಂದೆ ಕೆಲಸ. ಕಾಗದ ಅಲ್ಲೇ ಕೊಡ್ತೀನಿ.”

ಕಾಯಿಲೆಯೆನ್ನಲು ಗುಂಡಿಯಕ್ಕ ಬಾಯಿ ತೆರೆದಳು. ನಾನು ಕಾಲು ತುಳಿದೆ. ಗಿರಾಕಿ ಮೆಚ್ಚಿದ ಮೇಲೆ ಮಾಲಿನ ಗುಣ ವಿವರಿಸುವ ಅಭ್ಯಾಸ ನನಗಿಲ್ಲ.

ಮಂಗಳವಾರ ಬಾವು ಇಳಿಯಿತು. ಮಗಳು ಹುಷಾರಾದಳೆಂದು ತಾಯಿ ಕಂಗೆಟ್ಟು ಅತ್ತದ್ದನ್ನು ನಾನು ಕಂಡದ್ದು ಅಂದೇ.

“ಅಣ್ಣಾ, ಇನ್ನೊಂದು ದಿನ ಊದಿರಬಾರದಿತ್ತಾ? ಹೆತ್ತವಳು ಆಡೋ ಮಾತಾ ಇದು?”

ಬುಧವಾರ ಮಗಳ ಎರಡೂ ದವಡೆಗೆ ಬ್ರೆಡ್ಡು ತುರುಕಿದಳು. “ಅಗೀಬಾರ್ದು ಪುಟ್ಟಿ, ನುಂಗಬಾರ್ದು.” ನಾನೂ ಜೊತೆಗೆ ಹೋದೆ. ಗಂಡ ತೋಳು ಮಡಚಿಕೊಂಡು, ಆಗಲೇ ಕೆಲಸಕ್ಕೆ ಸೇರಿದವನಂತೆ, ಕಾರ್ಖಾನೆಯ ಗೇಟಿನಲ್ಲಿ ನಿಂತ. ವಾರದಿಂದ ನೆಟ್ಟಗೆ ಉಣ್ಣದ ಮಗುವಿಗೆ ಹಸಿವು ಮರಳಿರಬಹುದೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಚಿತ್ರಗಾರ ಎಡಗೆನ್ನೆ ಮುಗಿಸುವಷ್ಟರಲ್ಲಿ ಬಲಗೆನ್ನೆ ಮಾಯ.

ಅವನು ಬಿದ್ದುಬಿದ್ದು ನಕ್ಕ. “ಹೀಗೇ ಇರ್ಲಿ ಸಾರ್! ಬಾಯಲ್ಲಿ ಬಿಸ್ಕತ್ತಿದೆ ಅಂದ್ಕೋತಾರೆ ಜನ.”

ಮ್ಯಾನೇಜರಿಗೆ ಚಿತ್ರ ಹಿಡಿಸಿತು. “ಆದ್ರೆ ಮೊದಲ ದಿನವೇ ಮೋಸ. ಇಂಥೋರಿಗೆ ಹೇಗಮ್ಮ ಕೆಲಸ ಕೊಡ್ಲಿ?”

“ತಪ್ಪು ನಂದು ಸ್ವಾಮಿ, ನಮ್ಮವರದ್ದಲ್ಲ,” ಎಂದು ಗುಂಡಿಯಕ್ಕ ಕಾಲು ಹಿಡಿದಳು. ಅವನು ಕಾಲನ್ನು ಹಿಂದಕ್ಕೆಳೆದುಕೊಂಡ, ಚಿತ್ರವನ್ನು ಇಟ್ಟುಕೊಂಡ.

ಶುಕ್ರವಾರಕ್ಕೆ ನಡುವೆ ಒಂದೇ ದಿನ. ಬೀದಿಗಿಳಿದ ಮೇಲೆ ಮಗು ಎಡದವಡೆಯಲ್ಲಿ ಇನ್ನೂ ಉಳಿದಿದ್ದ ಬ್ರೆಡ್ಡಿನ ನಡುವೆಯೇ ತೊದಲುತ್ತ ಕೇಳಿತು: “ಅಮ್ಮಾ, ನಾನು ನುಂಗಿದ್ದಕ್ಕೆ ನಮ್ಮನ್ನ ಓಡಿಸ್ತಾರಾ?”

ಗುಂಡಿಯಕ್ಕ ಅಲ್ಲೇ ಕುಕ್ಕರಿಸಿ ಅವಳ ಗಲ್ಲ ಒರೆಸಿದಳು.

“ಇಲ್ಲ ಕಂದ. ಆ ಕಡೇದೂ ನುಂಗಿಬಿಡು.”